ಸೊನ್ನೆ ಒಂದು ಒಂಬತ್ತು ಎರಡು

ಒಂದು ಕೆಲಸ ಮಾಡಿ. ನಿಮ್ಮ ಆಫೀಸಿನಲ್ಲಿ ಹಳೇ ಡೆಸ್ಕ್‌ಟಾಪ್ ಒಂದು ಇನ್ನೂ ಉಳಿದುಕೊಂಡಿದ್ದರೆ ಅದರ ಮುಂದೆ ಕೂತು ನೋಟ್‌ಪ್ಯಾಡ್ ತೆರೆಯಿರಿ. ನಂಬರ್ ಲಾಕ್ ದೀಪ ಉರೀತಿದೆಯಾ ನೋಡ್ಕೊಳ್ಳಿ. ಎಡಗೈಯಲ್ಲಿ ಆಲ್ಟ್ ಕೀ ಒತ್ತಿ ಹಿಡಿದು, ಬಲಗಡೆಯ ನಂಬರ್ ಪ್ಯಾಡಿನಲ್ಲಿ 3 ಒತ್ತಿ, ಆಲ್ಟ್ ಬಿಡಿ. ♥ ಬಂತಾ? ಈಗ 1 ಒತ್ತಿ, ☺. 14 ಒತ್ತಿದರೆ ♫. 15 ಒತ್ತಿದರೆ ಬಿಸಿಲಿಗೆ ಬಿಟ್ಟ ಸೂರ್ಯ, ☼.

ಇವತ್ತು ಇದರಲ್ಲಿ ಏನೂ ವಿಶೇಷ ಇಲ್ಲ. ಫೋನಿನಲ್ಲಿ ಬೆರಳು ಇಟ್ಟರೆ ನೂರು ಬಣ್ಣದ ಹೃದಯಗಳು ಬರುತ್ತವೆ. ಆದರೆ 2005ರಲ್ಲಿ ಹಾಗಿರಲಿಲ್ಲ. ಆಗ ನಾನು ಬಿ.ಇ. ಎರಡನೇ ಸೆಮಿಸ್ಟರಿನಲ್ಲಿದ್ದೆ. ಹಾಸ್ಟೆಲಿನಲ್ಲಿ ಅರ್ಧ ಜನ ಬೆಂಗಳೂರು, ಮೈಸೂರಿನ ಇಂಗ್ಲಿಷ್ ಮೀಡಿಯಂ ಹುಡುಗರು. ಅವರು ಬಾಯಿ ತೆಗೆದರೆ ನಾನು ಬಾಯಿ ಮುಚ್ಚುತ್ತಿದ್ದೆ. ಅರ್ಥ ಆಗ್ತಿರಲಿಲ್ಲ ಅಂತಲ್ಲ, ಉತ್ತರ ಕೊಡುವಷ್ಟು ಹೊತ್ತಿಗೆ ಅವರು ಮುಂದಿನ ವಿಷಯಕ್ಕೆ ಹೋಗಿರುತ್ತಿದ್ದರು. ಆಗ ಬಂತು ನೋಡಿ ಆರ್ಕುಟ್. ಎಲ್ಲರಿಗೂ ತಮ್ಮ ಹೆಸರಿನ ಎರಡೂ ಕಡೆ ಏನಾದರೊಂದು ಅಲಂಕಾರ ಬೇಕು. ಒಬ್ಬನಿಗೆ ಹೃದಯ, ಒಬ್ಬನಿಗೆ ಇಸ್ಪೀಟಿನ ಕಳಾವರ್, ಗಿಟಾರ್ ಬಾರಿಸುವವನಿಗೆ ಸಂಗೀತದ ಗುರುತು. ಸೈಬರ್ ಕೆಫೆಯಲ್ಲಿ ನನ್ನ ಕುರ್ಚಿಯ ಹಿಂದೆ ನಾಲ್ಕು ಜನ ನಿಂತು, ‘ಮಗಾ, ನಂಗೊಂದು ಹಾಕ್ಕೊಡೋ’ ಅನ್ನೋರು. ನನ್ನ ಹೆಸರಿನ ಹಿಂದೆ ‘ಆಲ್ಟ್’ ಅಂತ ಸೇರಿಕೊಂಡಿತು. ಊರಿಂದ ಬಂದ ಹುಡುಗನಿಗೆ ಒಂದು ಕಾಲೇಜಿನಲ್ಲಿ ಅಡ್ಡಹೆಸರು ಸಿಗೋದು ಅಂದ್ರೆ ರೇಷನ್ ಕಾರ್ಡ್ ಸಿಕ್ಕ ಹಾಗೆ. ಇವನೂ ನಮ್ಮ ಪೈಕಿ ಅಂತ ಲೆಕ್ಕ.

ಆ ನಂಬರುಗಳು ನನ್ನವಲ್ಲ. ನಮ್ಮ ಅಕ್ಕನವು.

ನಮ್ಮೂರು ತಿಪಟೂರಿನ ಹತ್ತಿರ. ತೆಂಗು, ಕೊಬ್ಬರಿ ಬಿಟ್ಟರೆ ಬೇರೆ ಮಾತಿಲ್ಲದ ಊರು. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಎಸ್ಸೆಸ್ಸೆಲ್ಸಿಯಲ್ಲೂ ಪಿಯುಸಿಯಲ್ಲೂ ಫಸ್ಟ್ ಕ್ಲಾಸು. ಆಮೇಲೆ ಡಿಗ್ರಿಗೆ ಸೇರುವ ಮಾತು ಬಂದಾಗ ಅಪ್ಪ ಇಲ್ಲ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ‘ಇಬ್ಬರಲ್ಲಿ ಒಬ್ಬರನ್ನ ಓದಿಸಬಹುದು’ ಅಂದರು ಅಷ್ಟೆ. ಆ ‘ಒಬ್ಬರು’ ಯಾರು ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೇ ಇಲ್ಲ ಅನ್ನುವ ಹಾಗೆ ಇತ್ತು. ಅಕ್ಕ ಮೂರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿ, 2000ನೇ ಇಸವಿಯಲ್ಲಿ ತಿಪಟೂರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಡಿಟಿಪಿ ಆಪರೇಟರ್ ಆಗಿ ಸೇರಿದಳು. ತಿಂಗಳಿಗೆ 1,200 ರೂಪಾಯಿ. ಬೆನ್ನೊರಗಿಸಲು ಏನೂ ಇಲ್ಲದ ಪ್ಲಾಸ್ಟಿಕ್ ಸ್ಟೂಲು. ನನ್ನ ಹಾಸ್ಟೆಲ್ ಮೆಸ್ ಬಿಲ್ಲಿನಲ್ಲಿ ಆ ಸ್ಟೂಲಿನ ಪಾಲು ಎಷ್ಟಿತ್ತು ಅಂತ ಲೆಕ್ಕ ಹಾಕೋದು ಕಷ್ಟ ಏನಲ್ಲ. ಲೆಕ್ಕ ನನ್ನ ಹತ್ತಿರ ಇದೆ.

ಪ್ರೆಸ್ಸಿನ ಗೋಡೆ ಮೇಲೆ, ಮಾನಿಟರಿನ ಪಕ್ಕದಲ್ಲಿ, ಹಳೇ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಅಕ್ಕ ಬರೆದು ಅಂಟಿಸಿದ ಒಂದು ಪಟ್ಟಿ ಇತ್ತು. ಜಾತಕದ ಡಿಗ್ರಿ ಗುರುತಿಗೆ 0176. ಅರ್ಧಕ್ಕೆ 0189, ಮುಕ್ಕಾಲಿಗೆ 0190. ಪೇಪರ್ ಅಳತೆಯ ಗುಣಾಕಾರಕ್ಕೆ 0215. ಕೆಳಗೆ, ಬೇರೆ ಇಂಕಿನಲ್ಲಿ, ಬರೀ ಮೋಜಿಗೆ ಅಂತ 3, 5, 6, 14. ರಜೆಯಲ್ಲಿ ಬುತ್ತಿ ಕೊಡೋಕೆ ಹೋದಾಗ ನಾನು ಆ ಪಟ್ಟಿ ನೋಡಿ ಬಾಯಿಪಾಠ ಮಾಡಿದ್ದೆ. ಮಗ್ಗಿ ಕಲಿತವನಿಗೆ ಇದೇನು ದೊಡ್ಡದು?

ಇದು ಹೇಗೆ ಕೆಲಸ ಮಾಡುತ್ತೆ ಅನ್ನೋದು ನನಗೆ ಗೊತ್ತಾದದ್ದು ಆಮೇಲೆ. ಸರಳವಾಗಿ ಹೇಳ್ತೀನಿ. ಹಳೇ ಕಂಪ್ಯೂಟರಿಗೆ ಅಕ್ಷರ ಅಂದರೆ ಒಂದು ನಂಬರು. ಒಂದು ಬೈಟಿನಲ್ಲಿ 0ಯಿಂದ 255ರವರೆಗೆ ಒಟ್ಟು 256 ನಂಬರು ಹಿಡಿಯುತ್ತವೆ. ಮದುವೆ ಮನೆಯಲ್ಲಿ 256 ಎಲೆ ಹಾಕಿದ ಪಂಕ್ತಿ ಅಂದುಕೊಳ್ಳಿ. ಅದರಲ್ಲಿ ಮೊದಲ 32 ಎಲೆ ಅಕ್ಷರಗಳಿಗಲ್ಲ, ಆಜ್ಞೆಗಳಿಗೆ. 7 ಅಂದರೆ ಗಂಟೆ ಬಾರಿಸು, 9 ಅಂದರೆ ಟ್ಯಾಬ್, 13 ಅಂದರೆ ಸಾಲಿನ ಶುರುವಿಗೆ ವಾಪಸ್ ಬಾ. ಇವಕ್ಕೆ ಮುಖ ಇಲ್ಲ. 1981ರಲ್ಲಿ ಐಬಿಎಂ ತನ್ನ ಪಿಸಿ ತಂದಾಗ, ಪರದೆಯಲ್ಲಿ ತೋರಿಸೋಕೆ ಅಂತ ಈ ಖಾಲಿ ಎಲೆಗಳಿಗೂ ಒಂದೊಂದು ಚಿತ್ರ ಬಡಿಸಿತು. ನಗುಮುಖ, ಇಸ್ಪೀಟಿನ ನಾಲ್ಕು ರಂಗು, ಸಂಗೀತದ ಗುರುತು, ಸೂರ್ಯ. ಎಂಟರ್ ಹೊಡೆದಾಗ ಹೋಗುವ ಅದೇ 13 ಪರದೆಯಲ್ಲಿ ♪ ಆಗಿ ಕಾಣುತ್ತಿತ್ತು. ಆ ಪಟ್ಟಿಗೆ ‘ಕೋಡ್ ಪೇಜ್ 437’ ಅಂತ ಹೆಸರು. ಇವತ್ತಿಗೂ ಆಲ್ಟ್ ಒತ್ತಿ 3 ಹೊಡೆದರೆ ವಿಂಡೋಸ್ ಆ ಹಳೇ ಪಟ್ಟಿಯನ್ನೇ ನೋಡಿ ಹೃದಯ ಕೊಡುತ್ತದೆ.

ನಮ್ಮೂರ ಮೇಷ್ಟ್ರು ಸಂಖ್ಯೆಯ ಎಡಗಡೆ ಇರುವ ಸೊನ್ನೆಗೆ ಬೆಲೆ ಇಲ್ಲ ಅಂತ ಹೇಳಿಕೊಟ್ಟಿದ್ದರು. ಇಲ್ಲಿ ಆ ಸೊನ್ನೆಗೆ ಎಲ್ಲಿಲ್ಲದ ಬೆಲೆ. ಆಲ್ಟ್ ಹಿಡಿದು 163 ಹೊಡೆದರೆ ತಲೆ ಮೇಲೆ ಓರೆ ಗೆರೆ ಇರುವ ಯು ಬರುತ್ತದೆ. ಮುಂದೊಂದು ಸೊನ್ನೆ ಸೇರಿಸಿ 0163 ಹೊಡೆದರೆ ಬ್ರಿಟಿಷರ ಪೌಂಡು, £. ಸೊನ್ನೆ ಇಲ್ಲದಿದ್ದರೆ ಹಳೇ ಐಬಿಎಂ ಪಟ್ಟಿ, ಸೊನ್ನೆ ಇದ್ದರೆ ವಿಂಡೋಸಿನ ಸ್ವಂತ ಪಟ್ಟಿ. ಎರಡು ಪಂಕ್ತಿ, ಎಲೆ ನಂಬರ್ ಒಂದೇ, ಕೂತವರು ಬೇರೆ.

ಈಗ ಅಸಲು ಕಥೆ. ಈ 256 ಎಲೆಗಳ ಪಂಕ್ತಿಯಲ್ಲಿ ಕನ್ನಡಕ್ಕೆ ಒಂದೂ ಎಲೆ ಹಾಕಿರಲಿಲ್ಲ. ಹಾಗಂತ ನಮ್ಮವರು ಸುಮ್ಮನೆ ಕೂರಲಿಲ್ಲ. ಬರಹ ಬಂತು, ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಅವರು ಮಾಡಿದ ಉಪಾಯ ಏನು ಅಂದರೆ, ಬೇರೆಯವರ ಎಲೆಯಲ್ಲಿ ನಮ್ಮವರನ್ನು ಕೂರಿಸೋದು. ಫಾಂಟಿನೊಳಗೆ ಪೌಂಡಿನ ಚಿತ್ರ ಅಳಿಸಿ ಅಲ್ಲಿ ‘ನ’ ಅಕ್ಷರದ ತುಂಡು ಬರೆದರು. ಕಂಪ್ಯೂಟರಿಗೆ ಇದ್ಯಾವುದೂ ಗೊತ್ತಿಲ್ಲ. ಅದು 163 ಅಂತ ಬರೆದಿಟ್ಟುಕೊಂಡು, ಪೌಂಡು ಅಂತಲೇ ನಂಬಿರುತ್ತದೆ. ನುಡಿ ಫಾಂಟ್ ಇರುವ ಕಡೆ ನಿಮಗೆ ಕನ್ನಡ ಕಾಣುತ್ತದೆ. ಫಾಂಟ್ ಇಲ್ಲದ ಕಡೆ ಅದೇ ಫೈಲು ತೆರೆದರೆ ಪೌಂಡು, ಟೋಪಿ ಹಾಕಿದ ಎ, ಜರ್ಮನ್ ಎಸ್ಸು, ಎಲ್ಲ ಕಲಸಿದ ಚಿತ್ರಾನ್ನ.

ಹಾಗಾಗಿ ಅಕ್ಕನಿಗೆ ಕನ್ನಡದ ಅಕ್ಷರಗಳು ಬೇರೆ ಥರ ಗೊತ್ತಿದ್ದವು. ನುಡಿ ಕೀಲಿಮಣೆ ಕೈಕೊಟ್ಟಾಗ, ಅಥವಾ ಒಂದು ಒತ್ತು ಬೇಕಾದ ಜಾಗದಲ್ಲಿ ಕೂರದೇ ಹಟ ಮಾಡಿದಾಗ, ಅವಳು ನೇರ ನಂಬರು ಹೊಡೆದು ಕೂರಿಸುತ್ತಿದ್ದಳು. 0192 ಅಂದರೆ ತಲೆಕಟ್ಟು. 0193 ಅಂದರೆ ಅದೇ ತಲೆಕಟ್ಟಿಗೆ ದೀರ್ಘ. 0196 ಕೊಂಬು. 0223 ಅಂದರೆ ನ ಒತ್ತು. 0240 ಅರ್ಕಾವತ್ತು. 0170ಕ್ಕೆ ತಲೆಕಟ್ಟು ಕೊಟ್ಟರೆ ‘ವ’, ಅದಕ್ಕೆ ಕೊಂಬು ಸೇರಿಸಿದರೆ ‘ಮ’. ‘ಸ್ಲೇಟಿನ ಮೇಲೆ ಬರೆಯೋ ಹಾಗೇ ಕಣೋ, ಬಳಪದ ಬದಲು ನಂಬರು’ ಅಂತಿದ್ದಳು. ಮಾಘ, ಫಾಲ್ಗುಣದ ಲಗ್ನದ ಸೀಸನ್ನಿನಲ್ಲಿ ‘ಮದುವೆ’ ಅನ್ನುವ ಪದವನ್ನು ಎಷ್ಟು ಸಲ ಹೊಡೆದಿದ್ದಳೋ, ಪರದೆ ನೋಡದೆಯೇ ಅವಳ ಬಲಗೈ ಆ ಪದವನ್ನು ನಡೆದುಬಿಡುತ್ತಿತ್ತು.

ನಾನು ಕೆಲಸಕ್ಕೆ ಸೇರಿ ಬೆಂಗಳೂರಿಗೆ ಬಂದ ಮೇಲೆ ಈ ‘ಎಲೆ ಒಬ್ಬರದು, ಊಟ ಇನ್ನೊಬ್ಬರದು’ ಆಟ ಬೇರೆ ಬೇರೆ ವೇಷದಲ್ಲಿ ಸಿಕ್ಕಿತು. ಹೊರದೇಶದ ಗ್ರಾಹಕರೊಬ್ಬರ ಮೇಲ್‌ಗಳ ಕೊನೆಗೆ ಯಾವಾಗಲೂ ಇಂಗ್ಲಿಷಿನ ಜೆ ಅಕ್ಷರ ಒಂಟಿಯಾಗಿ ನಿಂತಿರುತ್ತಿತ್ತು. ನಮ್ಮ ಟೀಮಿನವರು ಅದು ಅವರ ಹೆಸರಿನ ಇನಿಶಿಯಲ್ ಅಂದುಕೊಂಡಿದ್ದರು. ಅದು ನಗು! ಔಟ್‌ಲುಕ್ಕಿನಲ್ಲಿ ನಗುವಿನ ಚುಕ್ಕೆ-ಬ್ರಾಕೆಟ್ ಹೊಡೆದರೆ ಅದು ವಿಂಗ್‌ಡಿಂಗ್ಸ್ ಫಾಂಟಿನ ನಗುಮುಖವಾಗುತ್ತಿತ್ತು. ಆ ಫಾಂಟಿನಲ್ಲಿ ನಗುಮುಖ ಕೂತಿರೋದು ಜೆ ಜಾಗದಲ್ಲಿ. ಫಾಂಟ್ ಗೊತ್ತಿಲ್ಲದ ಕಡೆ ನಗು ಹೋಗಿ ಜೆ ಮಾತ್ರ ಉಳಿಯುತ್ತಿತ್ತು.

ರೂಪಾಯಿದೂ ಅದೇ ಕಥೆ. ಐಐಟಿ ಬಾಂಬೆಯಲ್ಲಿ ಓದಿದ ಡಿ. ಉದಯಕುಮಾರ್ ಬರೆದ ಗುರುತನ್ನು ಸರ್ಕಾರ ಒಪ್ಪಿದ್ದು 2010ರ ಜುಲೈ 15ರಂದು. ಯೂನಿಕೋಡಿನಲ್ಲಿ ಅದಕ್ಕೆ ಸ್ವಂತ ಜಾಗ ಸಿಕ್ಕಿದ್ದು ಅಕ್ಟೋಬರಿನಲ್ಲಿ. ನಮ್ಮವರಿಗೆ ಅಲ್ಲಿವರೆಗೆ ಕಾಯೋ ತಾಳ್ಮೆ ಎಲ್ಲಿ? ಮಂಗಳೂರಿನ ಫೊರಾಡಿಯನ್ ಕಂಪನಿ ಜುಲೈನಲ್ಲೇ ಒಂದು ಫಾಂಟ್ ಬಿಟ್ಟಿತು. ಟ್ಯಾಬ್ ಕೀ ಮೇಲಿರುವ, ಯಾರೂ ಮುಟ್ಟದ ಓರೆ ಚುಕ್ಕಿಯ ಜಾಗದಲ್ಲಿ ರೂಪಾಯಿ. ದೇಶ ತುಂಬ ಜನ ಅದನ್ನು ಇಳಿಸಿಕೊಂಡು ಬಳಸಿದರು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ರೂಪಾಯಿ ಮಾಯ, ಅಂಕಿಯ ಮುಂದೆ ಸೊಳ್ಳೆ ಕೂತ ಹಾಗೆ ಒಂದು ಚುಕ್ಕಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಇದೆಲ್ಲದಕ್ಕೂ ಮದ್ದು ಯೂನಿಕೋಡ್. ಅಲ್ಲಿ ಯಾರೂ ಇನ್ನೊಬ್ಬರ ಎಲೆಯಲ್ಲಿ ಕೂರಬೇಕಾಗಿಲ್ಲ. ಕನ್ನಡಕ್ಕೇ ಅಂತ 3200ರಿಂದ 3327ರವರೆಗೆ 128 ಜಾಗ. ‘ನ’ ಈಗ ಪೌಂಡಿನ ಬಾಡಿಗೆ ಮನೆಯಲ್ಲಿಲ್ಲ, 3240 ನಂಬರಿನ ಸ್ವಂತ ಮನೆಯಲ್ಲಿದೆ. ಕಣ್ಣಿಗೇ ಕಾಣದ ಅಕ್ಷರಗಳೂ ಇವೆ. ‘ಸಾಫ್ಟ್‌ವೇರ್’ ಅಂತ ಸರಿಯಾಗಿ ಬರೆಯಬೇಕಾದರೆ ನಡುವೆ 8204 ನಂಬರಿನ ಅದೃಶ್ಯ ಅಕ್ಷರ ಒಂದು ಬೇಕು. ಇಲ್ಲದಿದ್ದರೆ ವಕಾರ ಹೋಗಿ ಟಕಾರದ ಕಾಲಿಗೆ ಜೋತುಬೀಳುತ್ತದೆ. ನನ್ನ ಕೆಲಸದ ಹೆಸರು ನೆಟ್ಟಗೆ ನಿಲ್ಲಬೇಕಾದರೂ ಕಾಣದ ಒಬ್ಬರು ನಡುವೆ ನಿಂತಿರಬೇಕು ಅಂತಾಯ್ತು.

2017ರಲ್ಲಿ ನಮ್ಮ ಕಂಪನಿಗೆ ಒಂದು ಪ್ರಾಜೆಕ್ಟ್ ಬಂತು. ಗ್ರಾಹಕರ ಬಳಿ ಹಳೇ ಕನ್ನಡ ಮಾಸಪತ್ರಿಕೆಯ ಸಂಚಿಕೆಗಳು, ಎಲ್ಲ ನುಡಿ ಫಾಂಟಿನಲ್ಲಿ. ಅವನ್ನು ಯೂನಿಕೋಡಿಗೆ ತಂದು, ಹುಡುಕಿದರೆ ಸಿಗುವ ಹಾಗೆ ಮಾಡಬೇಕು. ನಂಬರಿಗೆ ನಂಬರು ಬದಲಿಸಿದರೆ ಮುಗೀತು ಅಂತ ಮೀಟಿಂಗಿನಲ್ಲಿ ಎಲ್ಲರೂ ತಲೆ ಆಡಿಸಿದರು. ನಂಬರು ಬದಲಾಯಿತು, ಪುಟಗಳು ಚೆನ್ನಾಗಿ ಕಂಡವು, ಆದರೆ ‘ವರ್ಷ’ ಅಂತ ಹುಡುಕಿದರೆ ಅರ್ಧಕ್ಕರ್ಧ ಸಿಗಲಿಲ್ಲ. ‘ಅಂಗಡಿ’ ಸಿಗಲಿಲ್ಲ. ಕಣ್ಣಿಗೆ ಕಾಣುತ್ತೆ, ಕಂಪ್ಯೂಟರಿಗೆ ಕಾಣಲ್ಲ. ನಾಲ್ಕು ಜನ ಇಂಜಿನಿಯರುಗಳು ಎರಡು ದಿನ ಕೂತೆವು.

ಮೂರನೇ ದಿನ ಸಂಜೆ ಒಂದು ಪುಟದ ಫೋಟೊ ತೆಗೆದು ಅಕ್ಕನಿಗೆ ವಾಟ್ಸಾಪ್ ಮಾಡಿದೆ. ಐದು ನಿಮಿಷಕ್ಕೆ ಫೋನು ಬಂತು.

‘ಲೋ, ಅದು ಅರ್ಕಾವತ್ತಲ್ಲ ಕಣೋ. ಒಂಬತ್ತು.’

‘ಏನು?’

‘ಕನ್ನಡದ ಒಂಬತ್ತು ಅಂಕಿ. ಷ ಆದ್ಮೇಲೆ ಅರ್ಕಾವತ್ತಿನ ಬದಲು ಒಂಬತ್ತು ಹೊಡ್ದವ್ರೆ. ನೋಡೋಕೆ ಎರಡೂ ಒಂದೇ ಥರ ಅಲ್ವಾ? ಅಂಗಡಿಗೆ ಸೊನ್ನೆ ಬದಲು ಅಂಕಿ ಸೊನ್ನೆ ಹೊಡ್ದವ್ರೆ. ಪ್ರಿಂಟ್ ಹಾಕಿದ್ರೆ ಯಾರಿಗ್ ಗೊತ್ತಾಗುತ್ತೆ?’

‘ಯಾಕ್ ಹಂಗ್ ಮಾಡ್ತಾರೆ?’

‘ರಾತ್ರಿ ಹತ್ತು ಗಂಟೆಗೆ ಪುಟ ಕಳಿಸ್ಬೇಕು, ಒತ್ತು ಸರಿಯಾಗಿ ಕೂರ್ತಿಲ್ಲ ಅಂದ್ರೆ ಇನ್ನೇನ್ ಮಾಡ್ತಾರೆ? ಓದೋರಿಗೆ ಅಲ್ವೇನೋ ಅಚ್ಚು ಹಾಕ್ತಿದ್ದಿದ್ದು. ಕಂಪ್ಯೂಟ್ರು ಓದುತ್ತೆ ಅಂತ ಯಾರು ಅಂದ್ಕೊಂಡಿದ್ರು.’

ಅಕ್ಷರದ ಪಕ್ಕದಲ್ಲಿ ಬಂದ ಒಂಬತ್ತು ಅರ್ಕಾವತ್ತು, ಅಂಕಿಯ ಪಕ್ಕದಲ್ಲಿ ಬಂದದ್ದು ಒಂಬತ್ತೇ ಅಂತ ನಾವು ಪ್ರೋಗ್ರಾಂ ತಿದ್ದಿದೆವು. ಮುಕ್ಕಾಲು ಪಾಲು ಸರಿಹೋಯಿತು. ಉಳಿದದ್ದು ಗೋಜಲು. ಸರ್ವೆ ನಂಬರುಗಳು, ವಾರ್ಡಿನ ಹೆಸರಿಗೆ ಅಂಟಿಸಿ ಹೊಡೆದ ಅಂಕಿಗಳು, ಎರಡೆರಡು ಸಲ ಬಿದ್ದ ಕೊಂಬುಗಳು. 312 ಪುಟಗಳನ್ನು ಯಾರಾದರೂ ಕಣ್ಣಿಟ್ಟು ನೋಡಲೇಬೇಕಿತ್ತು. ನಾನು ಅಕ್ಕನ ಹೆಸರು ಹೇಳಿದೆ.

‘ಕ್ವಾಲಿಫಿಕೇಶನ್ ಏನು?’ ಅಂದರು ಮ್ಯಾನೇಜರು.

‘ಪಿಯುಸಿ. ಹದಿನೇಳು ವರ್ಷ ಡಿಟಿಪಿ ಅನುಭವ.’

ಅವರು ಕೆಟ್ಟವರಲ್ಲ. ‘ನೀನೇ ರಾತ್ರಿ ಫೋನಲ್ಲಿ ಕೇಳ್ಕೊಂಡು ಮಾಡಿಬಿಡು, ಅಕ್ಕ ತಾನೇ’ ಅಂದರು. ಆ ‘ಅಕ್ಕ ತಾನೇ’ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ನಮ್ಮ ಮನೆಯಲ್ಲೂ 2000ನೇ ಇಸವಿಯಲ್ಲಿ ಎಲ್ಲ ನಡೆದದ್ದು ಇದೇ ಎರಡು ಪದದ ಮೇಲೆ. ನಾನು ಆಗಲ್ಲ ಅಂದೆ. ದುಡ್ಡು ಕೊಟ್ಟು ಮಾಡಿಸೋದಾದರೆ ಮಾಡಿಸಿ, ಇಲ್ಲಾಂದ್ರೆ ಬೇರೆಯವರನ್ನ ಹುಡುಕಿ ಅಂದೆ. ಆಫೀಸಿನಲ್ಲಿ ನಾನು ಅಷ್ಟು ಖಡಾಖಂಡಿತವಾಗಿ ಮಾತಾಡಿದ್ದು ಅದೇ ಮೊದಲು. ಒಂದು ವಾರ ಬೇರೆಯವರನ್ನು ಹುಡುಕಿದರು. ಸಿಗಲಿಲ್ಲ. ವೆಂಡರ್ ಫಾರ್ಮ್ ಕಳಿಸಿದರು.

ಆ ಆನ್‌ಲೈನ್ ಫಾರ್ಮಿನಲ್ಲಿ ವಿದ್ಯಾಭ್ಯಾಸದ ಪಟ್ಟಿ ಶುರುವಾಗುತ್ತಿದ್ದದ್ದೇ ಡಿಗ್ರಿಯಿಂದ. ಅದರ ಕೆಳಗೆ ಏನಿದ್ದರೂ ‘ಇತರೆ’. ಅಕ್ಕ ಫೋನಿನಲ್ಲಿ ಕೇಳಿದಳು, ‘ಇತರೆ ಒತ್ತಲೇನೋ?’ ನಾನು ‘ಒತ್ತು’ ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ದರ ಎಷ್ಟು ಅಂತ ಹಾಕಲಿ ಅಂದಳು. ಅವಳ ಲೆಕ್ಕದಲ್ಲಿ ಪುಟಕ್ಕೆ ಹತ್ತು ರೂಪಾಯಿ. ನಾನು ನಲವತ್ತು ಅಂದೆ. ‘ಹಂಗೆಲ್ಲ ಕೇಳಿದ್ರೆ ಓಡ್ಸಲ್ವಾ’ ಅಂತ ಹೆದರಿ ಇಪ್ಪತ್ತೈದಕ್ಕೆ ನಿಂತಳು. ಸಂತೆಯಲ್ಲಿ ಕೊಬ್ಬರಿ ಮಾರುವಾಗ ಅಪ್ಪ ಚೌಕಾಶಿಗೆ ನಿಂತ ಹಾಗೆ ನಾವಿಬ್ಬರು ನಿಂತಿದ್ದೆವು. ವ್ಯತ್ಯಾಸ ಏನಂದ್ರೆ ಇಲ್ಲಿ ಮಾರುವವಳೇ ಬೆಲೆ ಇಳಿಸುತ್ತಿದ್ದಳು.

ಹನ್ನೆರಡು ದಿನದಲ್ಲಿ 312 ಪುಟ ಮುಗಿಸಿದಳು. ಪ್ರೆಸ್ಸಿನ ಕೆಲಸ ಮುಗಿಸಿಕೊಂಡು, ಮನೆಯಲ್ಲಿ ಅಡಿಗೆ, ಮಕ್ಕಳ ಹೋಂವರ್ಕು ಆದ ಮೇಲೆ. ಆಮೇಲೆ ಬಿಲ್ಲು ಕಳಿಸಿದಳು. ಬಿಲ್ಲು ಅಕೌಂಟ್ಸಿನಿಂದ ವಾಪಸ್ ಬಂತು. ಕಾರಣ, ‘ಯಾವ ಕರೆನ್ಸಿ ಅಂತ ನಮೂದಿಸಿಲ್ಲ.’ ನಾನು ತೆರೆದು ನೋಡಿದೆ. ಮೊತ್ತದ ಮುಂದೆ ಸೊಳ್ಳೆ ಕೂತ ಹಾಗೆ ಒಂದು ಓರೆ ಚುಕ್ಕಿ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ 2010ರ ಆ ರೂಪಾಯಿ ಫಾಂಟ್ ಇನ್ನೂ ಹಾಗೇ ಇತ್ತು. ಅಲ್ಲಿ ಅದು ರೂಪಾಯಿ, ಇಲ್ಲಿ ಚುಕ್ಕಿ.

ಅಕ್ಕನಿಗೆ ಹೇಳಿದರೆ ಬಿದ್ದುಬಿದ್ದು ನಕ್ಕಳು. ‘312 ಪುಟ ಬೇರೆಯವ್ರ ಒಂಬತ್ತು ತಿದ್ದಿ, ನನ್ನ ರೂಪಾಯೀನೇ ಬಿಟ್ಟುಬಿಟ್ನಾ!’ ಎರಡನೇ ಬಿಲ್ಲಿನಲ್ಲಿ ಯಾವ ತಂಟೆಯೂ ಬೇಡ ಅಂತ ‘ರೂ. 7,800’ ಅಂತ ಹೊಡೆದಳು. ದುಡ್ಡು ಬರೋಕೆ ಮೂರು ತಿಂಗಳು ಹಿಡಿಯಿತು. ಬಂದ ದುಡ್ಡಿನಲ್ಲಿ ಅವಳು ಒಂದು ಕುರ್ಚಿ ತಗೊಂಡಳು. ಚಕ್ರ ಇರುವ, ಬೆನ್ನಿಗೆ ಆತುಕೊಳ್ಳುವ ಕುರ್ಚಿ. ಹದಿನೇಳು ವರ್ಷದ ಸ್ಟೂಲು ಈಗ ಪ್ರೆಸ್ಸಿನಲ್ಲಿ ಪೇಪರ್ ರೀಮು ಇಡೋಕೆ.

ಯೂನಿಕೋಡ್ ಬಂದು ಎಲ್ಲ ಸುಲಭ ಆಯ್ತಲ್ಲ, ಅಕ್ಕನ ನಂಬರುಗಳಿಗೆ ಈಗ ಬೆಲೆ ಇದೆಯಾ ಅಂತ ಗೆಳೆಯರು ಕೇಳುತ್ತಾರೆ. ನಮ್ಮ ನಾಡಿನ ಪ್ರೆಸ್ಸುಗಳಲ್ಲಿ ಪೇಜ್‌ಮೇಕರ್ ಇನ್ನೂ ಸತ್ತಿಲ್ಲ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಅದಕ್ಕೆ ಕನ್ನಡ ಯೂನಿಕೋಡ್ ಅರ್ಥ ಆಗಲ್ಲ. ಹಾಗಾಗಿ ಲಗ್ನಪತ್ರಿಕೆ ಬೇಕು ಅಂದರೆ ಈಗಲೂ ಪೌಂಡಿನ ಎಲೆಯಲ್ಲೇ ‘ನ’ ಕೂರಬೇಕು. ಹಳೇ ಫೈಲುಗಳಂತೂ ರಾಶಿ ರಾಶಿ ಬಿದ್ದಿವೆ. ಅವುಗಳಲ್ಲಿ ಎಲ್ಲೆಲ್ಲಿ ಅರ್ಕಾವತ್ತಿನ ವೇಷ ಹಾಕಿದ ಒಂಬತ್ತು ಕೂತಿದೆ ಅಂತ ಗೊತ್ತಿರೋದು ಅವನ್ನು ರಾತ್ರಿ ಹತ್ತು ಗಂಟೆಗೆ ಹೊಡೆದವರಿಗೆ. ಅವರಲ್ಲಿ ಹೆಚ್ಚಿನವರು ಫಾರ್ಮುಗಳಲ್ಲಿ ‘ಇತರೆ’.

ನನ್ನ ಲ್ಯಾಪ್‌ಟಾಪಿಗೆ ನಂಬರ್ ಪ್ಯಾಡಿಲ್ಲ. ಮೇಲಿನ ಸಾಲಿನ ಅಂಕಿಗಳಲ್ಲಿ ಈ ಆಟ ನಡೆಯಲ್ಲ. ಹಾಗಾಗಿ ಬೇರೆಯಾಗಿ ಸಿಗುವ ಪುಟ್ಟ ನಂಬರ್ ಪ್ಯಾಡ್ ಎರಡು ತಗೊಂಡೆ, ಒಂದು ನನಗೆ, ಒಂದು ಅಕ್ಕನ ಮನೆಯ ಲ್ಯಾಪ್‌ಟಾಪಿಗೆ. ಅದಾದ ಮೇಲೆ ಎರಡು ಸಲ ನಮ್ಮ ಕಂಪನಿಯ ಕೆಲಸ ಮಾಡಿಕೊಟ್ಟಿದ್ದಾಳೆ. ಎರಡನೇ ಸಲ ದರ ಹಾಕುವಾಗ ನನ್ನನ್ನು ಕೇಳಲಿಲ್ಲ. ನಲವತ್ತು ಹಾಕಿದ್ದಳು.

ಮೊನ್ನೆ ಹಬ್ಬಕ್ಕೆ ಊರಿಗೆ ಹೋದಾಗ ಪ್ರೆಸ್ಸಿಗೆ ಹೋಗಿದ್ದೆ. ಗೋಡೆಯ ಪಟ್ಟಿ ಹಳದಿಯಾಗಿದೆ, ಮೂಲೆಗೆ ಹೊಸ ಟೇಪು ಬಿದ್ದಿದೆ. 0192ರ ಇಂಕು ಬೆರಳು ತಾಗಿ ತಾಗಿ ಮಾಸಿದೆ. ಎಲ್ಲಕ್ಕಿಂತ ಕೆಳಗೆ, ಹೊಸ ಪೆನ್ನಿನಲ್ಲಿ ಒಂದು ಸಾಲು ಸೇರಿಸಿದ್ದಾಳೆ: ‘8377 – ರೂಪಾಯಿ. ವರ್ಡಲ್ಲಿ ಮಾತ್ರ. ಬಿಲ್ಲಿಗೆ.’